ಜಮೈಕಾದ ಸ್ವಯಮಾಡಳಿತದ 18 ವರ್ಷ (1944–1962): ಪದೇ ಪದೇ ಕೇಳುವ ಪ್ರಶ್ನೆಗಳು

1944ರಿಂದ 1962ರವರೆಗೆ ಜಮೈಕಾ ಬ್ರಿಟನ್ನಿನ ವಸಾಹತೇ ಆಗಿತ್ತು. ಆದರೂ ಆ 18 ವರ್ಷಗಳಲ್ಲಿ ಅಲ್ಲಿನ ಜನ ಐದು ಸಲ ವೋಟು ಹಾಕಿ ತಮ್ಮ ಪ್ರತಿನಿಧಿಗಳನ್ನು ಆರಿಸಿದರು. ಒಂದು ಪಕ್ಷವನ್ನು ಇಳಿಸಿ ಇನ್ನೊಂದನ್ನು ಏರಿಸಿದರು, ಮತ್ತೆ ಅದನ್ನೂ ಇಳಿಸಿದರು. ಕೆರಿಬಿಯನ್ ಚರಿತ್ರೆ ಓದುವಾಗ ನಾವು ಗುಲಾಮಗಿರಿಯ ಅಧ್ಯಾಯ ಮುಗಿಸಿ ನೇರವಾಗಿ ಧ್ವಜ ಏರಿಸಿದ ದಿನಕ್ಕೆ ಬಂದುಬಿಡುತ್ತೇವೆ. ನಡುವಿನ ಈ ಕಾಲ ನನಗೆ ತುಂಬಾ ಹತ್ತಿರದ್ದು. ಅಧಿಕಾರ ಅಲ್ಲಿಗೆ ಕಂತು ಕಂತಾಗಿ ಬಂತು. ಪ್ರತಿ ಕಂತನ್ನೂ ಜನ ಕೇಳಿ ಪಡೆದರು.

ಸ್ವಯಮಾಡಳಿತ ಅಂದರೆ ಸ್ವಾತಂತ್ರ್ಯವೇ ಅಲ್ವಾ?

ಅಲ್ಲ. ಮನೆಯೊಳಗಿನ ಕೆಲಸಗಳೆಲ್ಲ ಊರಿನವರ ಕೈಗೆ ಬರುತ್ತವೆ: ಶಾಲೆ, ಆಸ್ಪತ್ರೆ, ರಸ್ತೆ, ತೆರಿಗೆ, ಕೊನೆಗೆ ಪೊಲೀಸು ಕೂಡ. ಸೇನೆ ಮತ್ತು ವಿದೇಶ ವ್ಯವಹಾರ ಮಾತ್ರ ಲಂಡನ್ನಿನಲ್ಲೇ ಉಳಿಯುತ್ತವೆ. ಗವರ್ನರ್ ಕೂಡ ಇರುತ್ತಾನೆ. ಜಮೈಕಾಕ್ಕೆ ಇದೆಲ್ಲ ಒಟ್ಟಿಗೆ ಸಿಗಲಿಲ್ಲ. 1944ರಲ್ಲಿ ಎಲ್ಲರಿಗೂ ವೋಟು ಬಂತು, 1953ರಲ್ಲಿ ಮುಖ್ಯಮಂತ್ರಿ ಬಂದರು. 1957ರಲ್ಲಿ ಗವರ್ನರ್ ಮಂತ್ರಿಗಳ ಸಭೆಯ ಅಧ್ಯಕ್ಷತೆ ಬಿಟ್ಟುಕೊಟ್ಟರು. 1959ರಲ್ಲಿ ಪೂರ್ತಿ ಒಳಾಡಳಿತ ಕೈಗೆ ಬಂತು.

ಅದಕ್ಕೂ ಮೊದಲು ಅಲ್ಲಿ ಶಾಸನಸಭೆ ಇರಲಿಲ್ಲವಾ?

ಇತ್ತು, ಬಹಳ ಹಿಂದಿನಿಂದಲೂ ಇತ್ತು. 1655ರಲ್ಲಿ ಇಂಗ್ಲಿಷರು ಸ್ಪೇನಿನವರಿಂದ ದ್ವೀಪ ಕಿತ್ತುಕೊಂಡರು. ಕೆಲವೇ ವರ್ಷಗಳಲ್ಲಿ ಒಂದು ಅಸೆಂಬ್ಲಿ ಶುರುವಾಯಿತು. ಅದು ಕಬ್ಬಿನ ತೋಟದ ಯಜಮಾನರ ಸಭೆ. ಅವರ ತೋಟಗಳಲ್ಲಿ ಆಫ್ರಿಕಾದಿಂದ ಹಿಡಿದು ತಂದ ಜನ ದುಡಿದು ಸಾಯುತ್ತಿದ್ದರು.

1838ರಲ್ಲಿ ಗುಲಾಮಗಿರಿ ಪೂರ್ತಿಯಾಗಿ ಹೋಯಿತು. ಬಿಡುಗಡೆಯಾದವರಿಗೆ ಭೂಮಿ ಸಿಗಲಿಲ್ಲ, ಆಸ್ತಿಯಿಲ್ಲದ್ದರಿಂದ ವೋಟೂ ಸಿಗಲಿಲ್ಲ. 1865ರ ಅಕ್ಟೋಬರ್‌ನಲ್ಲಿ ಮೊರಾಂಟ್ ಬೇ ಎಂಬ ಊರಿನಲ್ಲಿ ಪಾಲ್ ಬೋಗಲ್ ನಾಯಕತ್ವದಲ್ಲಿ ಬಡ ರೈತರು ಕೋರ್ಟಿನ ಮುಂದೆ ಸೇರಿದರು. ಗಲಭೆ ಆಯಿತು. ಗವರ್ನರ್ ಎಡ್ವರ್ಡ್ ಐರ್ ಸೇನೆ ಬಿಟ್ಟು ನಾನೂರಕ್ಕೂ ಹೆಚ್ಚು ಜನರನ್ನು ಕೊಲ್ಲಿಸಿದ. ಬೋಗಲ್‌ಗೂ, ಅಸೆಂಬ್ಲಿಯ ಸದಸ್ಯನೇ ಆಗಿದ್ದ ಜಾರ್ಜ್ ವಿಲಿಯಂ ಗಾರ್ಡನ್‌ಗೂ ಗಲ್ಲಾಯಿತು.

ಆಮೇಲೆ ನಡೆದದ್ದು ನನ್ನನ್ನು ಇಂದಿಗೂ ಕಾಡುತ್ತದೆ. ಮುಂದೊಂದು ದಿನ ಕಪ್ಪು ಜನರೇ ಈ ಸಭೆಯಲ್ಲಿ ಜಾಸ್ತಿ ಆಗಿಬಿಟ್ಟರೆ ಎಂಬ ಹೆದರಿಕೆಯಿಂದ, ಅಸೆಂಬ್ಲಿಯವರು ತಮ್ಮ ಸಭೆಯನ್ನು ತಾವೇ ಮುಚ್ಚಿದರು. ಇನ್ನೂರು ವರ್ಷ ಹಳೆಯ ಅಧಿಕಾರವನ್ನು ಬ್ರಿಟಿಷ್ ಸರ್ಕಾರದ ಕೈಗೆ ಒಪ್ಪಿಸಿದರು. 1866ರಿಂದ ಗವರ್ನರ್ ಹೇಳಿದ್ದೇ ಕಾನೂನು. 1884ರಲ್ಲಿ ಕೆಲವು ಸ್ಥಾನಗಳಿಗೆ ಚುನಾವಣೆ ಮತ್ತೆ ಬಂತು, ಆದರೆ ವೋಟು ಆಸ್ತಿವಂತರಿಗೆ ಮಾತ್ರ.

ಎಲ್ಲವೂ 1938ರಲ್ಲಿ ಶುರುವಾಯಿತು ಅಂತಾರಲ್ಲ, ಆ ವರ್ಷ ಏನಾಯಿತು?

ಕೂಲಿಯ ಪ್ರಶ್ನೆ ಎದ್ದಿತು. ದ್ವೀಪದ ಪಶ್ಚಿಮದ ತುದಿಯಲ್ಲಿ ವೆಸ್ಟ್‌ಮೋರ್ಲೆಂಡ್ ಎಂಬ ಜಿಲ್ಲೆಯಿದೆ. ಅಲ್ಲಿನ ಫ್ರೋಮ್ ಎಂಬಲ್ಲಿ ಬ್ರಿಟನ್ನಿನ ಟೇಟ್ ಅಂಡ್ ಲೈಲ್ ಕಂಪನಿಯ ಅಂಗಸಂಸ್ಥೆ ದೊಡ್ಡ ಸಕ್ಕರೆ ಕಾರ್ಖಾನೆ ಕಟ್ಟಿಸುತ್ತಿತ್ತು. ‘ದಿನಕ್ಕೆ ಒಂದು ಡಾಲರ್ ಕೂಲಿ ಕೊಡ್ತಾರಂತೆ’ ಅನ್ನೋ ಸುದ್ದಿ ಹಬ್ಬಿತು. ಅದು ಕೆಲಸವೇ ಇಲ್ಲದ ಕಾಲ. ದ್ವೀಪದ ಮೂಲೆ ಮೂಲೆಯಿಂದ ಜನ ಗಂಟು ಕಟ್ಟಿಕೊಂಡು ಅಲ್ಲಿಗೆ ಹೊರಟರು. ಹೋದವರಲ್ಲಿ ಎಷ್ಟೋ ಜನರಿಗೆ ಕೆಲಸ ಸಿಗಲಿಲ್ಲ. ಸಿಕ್ಕವರಿಗೆ ಬಟವಾಡೆಯ ದಿನ ಕೈಗೆ ಬಂದದ್ದು ಅಂದುಕೊಂಡದ್ದಕ್ಕಿಂತ ತುಂಬಾ ಕಡಿಮೆ. ಏಪ್ರಿಲ್ ಕೊನೆಯಲ್ಲಿ ಕೂಲಿ ಹಂಚುವ ಜಾಗದಲ್ಲೇ ಜಗಳ ಹತ್ತಿತು. ಮೇ ಮೊದಲ ವಾರ ಪೊಲೀಸರು ಗುಂಪಿನ ಮೇಲೆ ಬಿದ್ದರು, ನಾಲ್ಕು ಜನ ಸತ್ತರು. ಕಬ್ಬಿನ ಗದ್ದೆಗಳಿಗೆ ಬೆಂಕಿ ಬಿತ್ತು.

ಬೆಂಕಿ ಅಲ್ಲಿಗೇ ನಿಲ್ಲಲಿಲ್ಲ. ಅದೇ ತಿಂಗಳು ರಾಜಧಾನಿ ಕಿಂಗ್‌ಸ್ಟನ್ನಿನ ಬಂದರಿನಲ್ಲಿ ಹಮಾಲರು ಕೆಲಸ ನಿಲ್ಲಿಸಿದರು. ಬೀದಿ ಗುಡಿಸುವವರೂ ಸೇರಿಕೊಂಡರು. ಅಂಗಡಿ ಮುಚ್ಚಿದವು, ಟ್ರಾಮ್ ನಿಂತವು. ಕೂಲಿಕಾರರ ಪರ ಭಾಷಣ ಮಾಡುತ್ತಿದ್ದ ಅಲೆಕ್ಸಾಂಡರ್ ಬುಸ್ಟಮಾಂಟೆಯನ್ನು ಮೇ 24ರಂದು ಬಂಧಿಸಿದರು. ಆತ ಹೊರಗೆ ಬರುವವರೆಗೂ ಕೆಲಸಕ್ಕೆ ಹೋಗಲ್ಲ ಅಂತ ಹಮಾಲರು ಕೂತರು. ನಾಲ್ಕು ದಿನಕ್ಕೆ ಬಿಡಬೇಕಾಯಿತು. ಒಬ್ಬ ಕೂಲಿಕಾರ ಗವರ್ನರ್‌ನ ತೀರ್ಮಾನವನ್ನು ಬದಲಿಸಬಹುದು ಅಂತ ಜನಕ್ಕೆ ಗೊತ್ತಾದದ್ದು ಆ ನಾಲ್ಕು ದಿನಗಳಲ್ಲಿ.

ಬುಸ್ಟಮಾಂಟೆ ಮತ್ತು ಮ್ಯಾನ್ಲಿ ಸಂಬಂಧಿಕರಾ?

ಹೌದು, ಸೋದರ ಸಂಬಂಧಿಗಳು (ಕಸಿನ್‌ಗಳು). ಇಬ್ಬರ ಸ್ವಭಾವ ಮಾತ್ರ ಎಣ್ಣೆ ಸೀಗೇಕಾಯಿ.

ಬುಸ್ಟಮಾಂಟೆಯ ಹುಟ್ಟು ಹೆಸರು ಅಲೆಕ್ಸಾಂಡರ್ ಕ್ಲಾರ್ಕ್. ಹೊರದೇಶಗಳಲ್ಲಿ ವರ್ಷಗಟ್ಟಲೆ ತಿರುಗಿ ಬಂದು ಕಿಂಗ್‌ಸ್ಟನ್ನಿನಲ್ಲಿ ಬಡ್ಡಿ ವ್ಯವಹಾರ ಮಾಡುತ್ತಿದ್ದರು. ಎತ್ತರದ ಆಳು, ಕೆದರಿದ ಬಿಳಿ ಕೂದಲು, ದೊಡ್ಡ ದನಿ. ಕೂಲಿಕಾರರ ಭಾಷೆಯಲ್ಲೇ ಮಾತು. ನಾರ್ಮನ್ ಮ್ಯಾನ್ಲಿ ಆಕ್ಸ್‌ಫರ್ಡಿನಲ್ಲಿ ಓದಿದ ವಕೀಲರು. ಮೊದಲ ಮಹಾಯುದ್ಧದಲ್ಲಿ ಸೈನಿಕರಾಗಿದ್ದರು, ಶಾಲೆಯ ದಿನಗಳಲ್ಲಿ ದ್ವೀಪದ ಅತಿ ವೇಗದ ಓಟಗಾರರಲ್ಲಿ ಒಬ್ಬರು. ಅವರ ಹೆಂಡತಿ ಎಡ್ನಾ ಮ್ಯಾನ್ಲಿ ಹೆಸರಾಂತ ಶಿಲ್ಪಿ.

1938ರ ಮೇ ತಿಂಗಳಲ್ಲಿ ಬುಸ್ಟಮಾಂಟೆಯ ಬಿಡುಗಡೆಗೆ ಓಡಾಡಿದವರಲ್ಲಿ ಮ್ಯಾನ್ಲಿ ಮುಖ್ಯರು. ಅದೇ ಸೆಪ್ಟೆಂಬರ್‌ನಲ್ಲಿ ಮ್ಯಾನ್ಲಿ ಪೀಪಲ್ಸ್ ನ್ಯಾಷನಲ್ ಪಾರ್ಟಿ ಕಟ್ಟಿದರು. ಬುಸ್ಟಮಾಂಟೆ ತಮ್ಮದೇ ಹೆಸರಿನ ಕಾರ್ಮಿಕ ಸಂಘ ಕಟ್ಟಿದರು. ಯುದ್ಧದ ಹೊತ್ತಿನಲ್ಲಿ ಸರ್ಕಾರ ಬುಸ್ಟಮಾಂಟೆಯನ್ನು 1940ರಿಂದ 1942ರವರೆಗೆ ಬಂಧನದಲ್ಲಿಟ್ಟಿತು. ಹೊರಗೆ ಬಂದ ಮೇಲೆ ಸೋದರರ ದಾರಿ ಬೇರೆಯಾಯಿತು. 1943ರಲ್ಲಿ ಬುಸ್ಟಮಾಂಟೆ ಜಮೈಕಾ ಲೇಬರ್ ಪಾರ್ಟಿ ಶುರು ಮಾಡಿದರು. ಇವತ್ತಿಗೂ ಆ ದೇಶದ ರಾಜಕೀಯ ಈ ಎರಡೇ ಪಕ್ಷಗಳ ನಡುವೆ ನಡೆಯುತ್ತದೆ.

1944ರಲ್ಲಿ ನಿಜಕ್ಕೂ ಏನು ಸಿಕ್ಕಿತು?

ವೋಟು. 21 ವರ್ಷ ತುಂಬಿದ ಪ್ರತಿಯೊಬ್ಬರಿಗೂ. ಓದು ಬರಬೇಕಿಲ್ಲ, ಆಸ್ತಿ ಬೇಕಿಲ್ಲ, ಗಂಡು ಹೆಣ್ಣು ಎಂಬ ಭೇದವಿಲ್ಲ. ಮತದಾರರ ಪಟ್ಟಿಗೆ ಆರು ಲಕ್ಷಕ್ಕೂ ಹೆಚ್ಚು ಹೆಸರು ಬಂದವು. ಭಾರತದಲ್ಲಿ ಎಲ್ಲ ವಯಸ್ಕರೂ ವೋಟು ಹಾಕಿದ್ದು 1951–52ರಲ್ಲಿ, ಸ್ವಾತಂತ್ರ್ಯ ಬಂದ ಮೇಲೆ. ಜಮೈಕಾದಲ್ಲಿ ಎಲ್ಲರ ವೋಟು ಮೊದಲು ಬಂತು, ಸ್ವಾತಂತ್ರ್ಯ ಆಮೇಲೆ. ಈ ಒಂದು ವ್ಯತ್ಯಾಸದಿಂದ ಆ ದೇಶದ ರಾಜಕೀಯಕ್ಕೆ ಬೇರೆಯದೇ ಬುನಾದಿ ಬಿತ್ತು ಅಂತ ನಾನು ನಂಬುತ್ತೇನೆ.

ಡಿಸೆಂಬರ್ 14ರಂದು ಚುನಾವಣೆ ನಡೆಯಿತು. ಒಟ್ಟು 32 ಸ್ಥಾನ. ಬುಸ್ಟಮಾಂಟೆಯ ಪಕ್ಷಕ್ಕೆ 22, ಮ್ಯಾನ್ಲಿಯ ಪಕ್ಷಕ್ಕೆ ಬರೀ 5, ಪಕ್ಷೇತರರಿಗೆ 5. ಎಲ್ಲರಿಗೂ ವೋಟು ಬೇಕು ಅಂತ ವರ್ಷಗಟ್ಟಲೆ ಹೋರಾಡಿದ್ದ ಮ್ಯಾನ್ಲಿ ತಮ್ಮ ಕ್ಷೇತ್ರದಲ್ಲೇ ಸೋತರು. ಐರಿಸ್ ಕಾಲಿನ್ಸ್ ಎಂಬ ಮಹಿಳೆ ಸೇಂಟ್ ಜೇಮ್ಸ್ ಜಿಲ್ಲೆಯಿಂದ ಗೆದ್ದು, ಆ ಸಭೆಗೆ ಆರಿಸಿ ಬಂದ ಮೊದಲ ಹೆಂಗಸಾದರು. ವೆಸ್ಟ್‌ಮೋರ್ಲೆಂಡಿನಿಂದ ಕ್ಲಿಫರ್ಡ್ ಕ್ಯಾಂಪ್‌ಬೆಲ್ ಎಂಬ ಶಾಲಾ ಹೆಡ್‌ಮಾಸ್ಟರ್ ಗೆದ್ದು ಬಂದರು. ಈ ಹೆಸರು ನೆನಪಿಡಿ, ಮುಂದೆ ಮತ್ತೆ ಬರುತ್ತದೆ.

ಆದರೆ ಅಧಿಕಾರ ಎಷ್ಟು ಸಿಕ್ಕಿತು? ಕಡಿಮೆಯೇ. ಆಡಳಿತ ಮಂಡಳಿಯಲ್ಲಿ ಗವರ್ನರ್ ಅಧ್ಯಕ್ಷ. ಹತ್ತು ಸದಸ್ಯರಲ್ಲಿ ಐವರು ಮಾತ್ರ ಗೆದ್ದು ಬಂದವರು, ಉಳಿದ ಐವರು ಅಧಿಕಾರಿಗಳು ಮತ್ತು ನೇಮಕವಾದವರು. ಮೇಲ್ಮನೆ ಪೂರ್ತಿ ನೇಮಕದ್ದು. ಗೆದ್ದವರಿಗೆ ಮಂತ್ರಿ ಎಂಬ ಹೆಸರು ಬಂತು, ಇಲಾಖೆಯ ಕೀಲಿಕೈ ಬರಲಿಲ್ಲ.

ಬ್ರಿಟಿಷರು ಇದಕ್ಕೆ ಯಾಕೆ ಒಪ್ಪಿದರು?

1930ರ ದಶಕದಲ್ಲಿ ಕೆರಿಬಿಯನ್ನಿನ ದ್ವೀಪ ದ್ವೀಪದಲ್ಲೂ ಮುಷ್ಕರಗಳಾಗಿದ್ದವು. ಲಾರ್ಡ್ ಮಾಯ್ನ್ ನೇತೃತ್ವದ ಆಯೋಗ ಬಂದು ನೋಡಿತು. ಅದು ಕಂಡ ಹಸಿವು, ರೋಗ, ಮುರುಕಲು ಗುಡಿಸಲುಗಳ ವರದಿ ಎಷ್ಟು ಕಟುವಾಗಿತ್ತೆಂದರೆ, ಶತ್ರುಗಳ ಪ್ರಚಾರಕ್ಕೆ ಸಿಕ್ಕೀತು ಅಂತ ಯುದ್ಧ ಮುಗಿಯುವ 1945ರವರೆಗೂ ಪೂರ್ತಿ ವರದಿಯನ್ನು ಹೊರಗೆ ಬಿಡಲಿಲ್ಲ. ಯುದ್ಧದ ಹೊತ್ತಿನಲ್ಲಿ ಬ್ರಿಟನ್ನಿಗೆ ವಸಾಹತುಗಳಲ್ಲಿ ಶಾಂತಿ ಬೇಕಿತ್ತು. ಅಷ್ಟಾದರೂ ನಾನು ಮೊದಲ ಕಾರಣ ಅಂತ ಇಡುವುದು ಫ್ರೋಮಿನ ಜನರನ್ನೇ. ಅವರು ಎದ್ದು ನಿಲ್ಲದಿದ್ದರೆ ಆಯೋಗವೇ ಬರುತ್ತಿರಲಿಲ್ಲ.

ಮುಂದಿನ ಅಧಿಕಾರಗಳು ಹೇಗೆ ಬಂದವು?

1949ರಲ್ಲಿ ಮ್ಯಾನ್ಲಿ ಪಕ್ಷಕ್ಕೆ ವೋಟು ಜಾಸ್ತಿ ಬಂದವು, ಸ್ಥಾನ ಕಡಿಮೆ ಬಂದವು. ಬುಸ್ಟಮಾಂಟೆ 17, ಮ್ಯಾನ್ಲಿ 13. 1953ರಲ್ಲಿ ಆರಿಸಿ ಬಂದವರಿಗೆ ನಿಜವಾದ ಇಲಾಖೆಗಳು ಸಿಕ್ಕವು, ಬುಸ್ಟಮಾಂಟೆ ಮೊದಲ ಮುಖ್ಯಮಂತ್ರಿಯಾದರು.

1955ರ ಜನವರಿಯಲ್ಲಿ ಗಾಳಿ ತಿರುಗಿತು. ಮ್ಯಾನ್ಲಿ 18, ಬುಸ್ಟಮಾಂಟೆ 14. ಸೋತವರು ಸುಮ್ನೆ ಎದ್ದು ವಿರೋಧ ಪಕ್ಷದ ಕಡೆ ಹೋಗಿ ಕೂತರು. ಹತ್ತು ವರ್ಷ ಗೆದ್ದೇ ಅಭ್ಯಾಸವಾಗಿದ್ದ ನಾಯಕ ಕುರ್ಚಿ ಬಿಟ್ಟ ಆ ಗಳಿಗೆಗೆ ನಾನು ಬಹಳ ಬೆಲೆ ಕೊಡುತ್ತೇನೆ. 1957ರ ನವೆಂಬರ್‌ನಿಂದ ಮಂತ್ರಿಗಳ ಸಭೆ ಮುಖ್ಯಮಂತ್ರಿಯ ಅಧ್ಯಕ್ಷತೆಯಲ್ಲೇ ನಡೆಯತೊಡಗಿತು. 1959ರ ಜುಲೈ 4ರಂದು ಪೂರ್ತಿ ಒಳಾಡಳಿತ ಬಂತು. ಮ್ಯಾನ್ಲಿಯ ಪದವಿಗೆ ಪ್ರೀಮಿಯರ್ ಎಂಬ ಹೆಸರು ಬಂತು. ಅದೇ ತಿಂಗಳ ಚುನಾವಣೆಯಲ್ಲಿ, 45 ಸ್ಥಾನಗಳಿಗೆ ಬೆಳೆದಿದ್ದ ಸಭೆಯಲ್ಲಿ ಅವರ ಪಕ್ಷ 29 ಗೆದ್ದಿತು.

ಸಿಕ್ಕ ಅಧಿಕಾರದಲ್ಲಿ ಏನು ಮಾಡಿದರು?

ಆ ಕಾಲದ ದೊಡ್ಡ ಕಥೆ ಕೆಂಪು ಮಣ್ಣಿನದು. ಸೇಂಟ್ ಆ್ಯನ್, ಮ್ಯಾಂಚೆಸ್ಟರ್ ಜಿಲ್ಲೆಗಳ ಗುಡ್ಡಗಳಲ್ಲಿ ಮಣ್ಣು ಇಟ್ಟಿಗೆ ಪುಡಿಯ ಹಾಗೆ ಕೆಂಪು. ಅದು ಬಾಕ್ಸೈಟ್, ಅಲ್ಯೂಮಿನಿಯಂ ತಯಾರಿಸುವ ಅದಿರು. 1952ರಲ್ಲಿ ಮೊದಲ ಹಡಗು ಅದನ್ನು ಹೊತ್ತು ಹೊರಟಿತು. ಐದೇ ವರ್ಷದಲ್ಲಿ ಜಮೈಕಾ ಜಗತ್ತಿನಲ್ಲೇ ಅತಿ ಹೆಚ್ಚು ಬಾಕ್ಸೈಟ್ ತೆಗೆಯುವ ನಾಡಾಯಿತು. ಕಂಪನಿಗಳು ಉತ್ತರ ಅಮೆರಿಕದವು, ಮೊದಲ ಒಪ್ಪಂದದಲ್ಲಿ ದ್ವೀಪಕ್ಕೆ ಬರುತ್ತಿದ್ದ ರಾಜಧನ ತೀರಾ ಸಣ್ಣದು. 1957ರಲ್ಲಿ ಮ್ಯಾನ್ಲಿ ಕಂಪನಿಗಳನ್ನು ಮತ್ತೆ ಮಾತಿಗೆ ಕೂರಿಸಿ ಅದನ್ನು ಏರಿಸಿಕೊಂಡರು.

ಅದೇ ವರ್ಷ ಹೈಸ್ಕೂಲಿಗೆ ಕಾಮನ್ ಎಂಟ್ರೆನ್ಸ್ ಪರೀಕ್ಷೆ ಬಂತು. ಫೀಸು ಕಟ್ಟಲಾಗದ ಮನೆಯ ಮಕ್ಕಳು ಜಾಣತನದ ಮೇಲೆ ಒಳಗೆ ಹೋಗಲು ಒಂದು ಬಾಗಿಲು ತೆರೆಯಿತು. 1959ರಲ್ಲಿ ಸಾರ್ವಜನಿಕ ರೇಡಿಯೋ ಶುರುವಾಯಿತು, 1960ರಲ್ಲಿ ಬ್ಯಾಂಕ್ ಆಫ್ ಜಮೈಕಾ ಸ್ಥಾಪನೆಯಾಯಿತು.

ಇನ್ನೊಂದು ವಿಷಯ ಹೇಳಲೇಬೇಕು. ವಿದೇಶ ವ್ಯವಹಾರ ಲಂಡನ್ನಿನ ಕೈಯಲ್ಲಿದ್ದರೂ, 1950ರ ದಶಕ ಮುಗಿಯುವ ಹೊತ್ತಿಗೇ ಮ್ಯಾನ್ಲಿ ಸರ್ಕಾರ ವರ್ಣಭೇದ ನಡೆಸುತ್ತಿದ್ದ ದಕ್ಷಿಣ ಆಫ್ರಿಕಾದ ಸರಕಿಗೆ ಬಾಗಿಲು ಹಾಕಿತು. ಸ್ವಂತ ಬಾವುಟವೂ ಇಲ್ಲದ ಒಂದು ವಸಾಹತು ತೆಗೆದುಕೊಂಡ ಈ ನಿಲುವನ್ನು ಓದಿದಾಗಲೆಲ್ಲ ನನಗೆ ಹೆಮ್ಮೆ ಆಗುತ್ತದೆ.

ಹಾಗಾದರೆ ಬಡವರ ಕಷ್ಟ ತೀರಿತಾ?

ಇಲ್ಲ. ಬಾಕ್ಸೈಟ್ ಗಣಿ ಜಾಸ್ತಿ ಜನರಿಗೆ ಕೆಲಸ ಕೊಡುವ ಉದ್ಯಮ ಅಲ್ಲ. ಒಳ್ಳೆಯ ಭೂಮಿ ಕೆಲವರ ಕೈಯಲ್ಲೇ ಉಳಿಯಿತು. ಹಳ್ಳಿ ಬಿಟ್ಟವರು ಕಿಂಗ್‌ಸ್ಟನ್ನಿನ ಪಶ್ಚಿಮದ ಕೊಳೆಗೇರಿಗಳಿಗೆ ಬಂದರು. ಅಲ್ಲಿಂದ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. 1948ರ ವಿಂಡ್‌ರಶ್ ಹಡಗಿನಿಂದ ಶುರುವಾದ ಈ ವಲಸೆ 1950ರ ದಶಕದಲ್ಲಿ ಹೊಳೆಯ ಹಾಗೆ ಹರಿಯಿತು. ಸ್ವಾತಂತ್ರ್ಯಕ್ಕೆ ಬರೀ ಒಂದು ತಿಂಗಳ ಮುಂಚೆ, 1962ರ ಜುಲೈನಲ್ಲಿ, ಬ್ರಿಟನ್ ಹೊಸ ಕಾನೂನು ತಂದು ಆ ಬಾಗಿಲನ್ನು ಅರ್ಧ ಮುಚ್ಚಿತು.

ಜಮೈಕಾದಲ್ಲೇ ಹುಟ್ಟಿದ ಕಪ್ಪು ಜನರ ಧಾರ್ಮಿಕ ಪಂಥವಾದ ರಾಸ್ತಫಾರಿಗಳಿಗೆ ಸ್ವಂತ ಸರ್ಕಾರವೂ ಸ್ವಂತದ್ದಾಗಲಿಲ್ಲ. ಲೆನರ್ಡ್ ಹೊವೆಲ್ ಕಟ್ಟಿದ್ದ ಪಿನಾಕಲ್ ಎಂಬ ಅವರ ನೆಲೆಯನ್ನು ಪೊಲೀಸರು 1954ರಲ್ಲಿ ಒಡೆದು ಹಾಕಿದರು. ಆಗ ಇದ್ದದ್ದು ಜನ ಆರಿಸಿದ ಮಂತ್ರಿಗಳೇ. 1960ರಲ್ಲಿ ಕಿಂಗ್‌ಸ್ಟನ್ನಿನ ಮೋನಾದಲ್ಲಿದ್ದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಕಾಲೇಜಿನವರು ಅವರ ನಡುವೆ ಹೋಗಿ, ಕೂತು, ಮಾತಾಡಿಸಿ ಒಂದು ವರದಿ ಕೊಟ್ಟರು. ಸರ್ಕಾರ ಅವರ ಮಾತನ್ನು ಕಿವಿಗೊಟ್ಟು ಕೇಳಲು ಶುರು ಮಾಡಿದ್ದು ಆಮೇಲೆ.

ವೆಸ್ಟ್ ಇಂಡೀಸ್ ಅನ್ನೋದು ಒಂದು ದೇಶವೂ ಆಗಿತ್ತಾ?

ಆಗುವುದರಲ್ಲಿತ್ತು! 1958ರ ಜನವರಿ 3ರಂದು ಹತ್ತು ಬ್ರಿಟಿಷ್ ವಸಾಹತುಗಳು ಸೇರಿ ಒಂದು ಒಕ್ಕೂಟವಾದವು. ರಾಜಧಾನಿ ಟ್ರಿನಿಡಾಡಿನಲ್ಲಿ, ಪ್ರಧಾನಿ ಬಾರ್ಬಡೋಸಿನ ಗ್ರಾಂಟ್ಲಿ ಆ್ಯಡಮ್ಸ್. ಸಣ್ಣ ಸಣ್ಣ ದ್ವೀಪಗಳು ಒಂದೊಂದೇ ನಿಂತರೆ ಜಗತ್ತು ಲೆಕ್ಕಕ್ಕೆ ಇಡಲ್ಲ, ಒಟ್ಟಾದರೆ ಬಲ ಬರುತ್ತದೆ ಎಂಬ ಲೆಕ್ಕಾಚಾರ.

ಆದರೆ ಒಕ್ಕೂಟಕ್ಕೆ ಕೈಯಲ್ಲಿ ಕಾಸಿಲ್ಲ, ತೆರಿಗೆ ಹಾಕುವ ಅಧಿಕಾರವೂ ಇಲ್ಲ. ಒಟ್ಟು ಜನಸಂಖ್ಯೆಯಲ್ಲಿ ಅರ್ಧಕ್ಕೂ ಜಾಸ್ತಿ ಜಮೈಕಾದವರು. ಒಕ್ಕೂಟದ 45 ಸ್ಥಾನಗಳಲ್ಲಿ ಅವರಿಗೆ ಸಿಕ್ಕದ್ದು 17. ಟ್ರಿನಿಡಾಡ್ ಸಾವಿರ ಮೈಲಿ ದೂರ. ‘ನಮ್ಮ ದುಡ್ಡಲ್ಲಿ ಸಣ್ಣ ದ್ವೀಪಗಳನ್ನು ಯಾಕೆ ಸಾಕಬೇಕು?’ ಎಂಬ ಮಾತು ಹಳ್ಳಿ ಹಳ್ಳಿಯಲ್ಲಿ ಎದ್ದಿತು. ಮ್ಯಾನ್ಲಿ ಒಕ್ಕೂಟದ ಪರ ಇದ್ದರೂ ಜಮೈಕಾ ಬಿಟ್ಟು ಹೋಗಲು ಒಪ್ಪಲಿಲ್ಲ. ಇದು ಅವರ ದೊಡ್ಡ ತಪ್ಪು ಅನ್ನುವವರಿದ್ದಾರೆ, ನನಗೂ ಹಾಗೇ ಅನ್ನಿಸುತ್ತದೆ. ಮುಖ್ಯ ನಾಯಕರೇ ಹೋಗದ ಮನೆಗೆ ಬೇರೆಯವರು ಯಾಕೆ ಹೋದಾರು?

1960ರಲ್ಲಿ ಬುಸ್ಟಮಾಂಟೆ ಒಕ್ಕೂಟದ ವಿರುದ್ಧ ನಿಂತರು. ಜನರನ್ನೇ ಕೇಳೋಣ ಅಂತ ಮ್ಯಾನ್ಲಿ ಹೇಳಿದರು. 1961ರ ಸೆಪ್ಟೆಂಬರ್ 19ರಂದು ವೋಟಾಯಿತು. ನೂರಕ್ಕೆ 54ರಷ್ಟು ಜನ ‘ಬೇಡ’ ಅಂದರು. ಹತ್ತರಲ್ಲಿ ಒಂದು ಕಳೆದರೆ ಸೊನ್ನೆ ಅಂತ ಟ್ರಿನಿಡಾಡಿನ ನಾಯಕ ಎರಿಕ್ ವಿಲಿಯಮ್ಸ್ ಲೆಕ್ಕ ಹೇಳಿದರು, ತಮ್ಮ ದ್ವೀಪವನ್ನೂ ಹೊರಗೆ ತಂದರು. 1962ರ ಮೇ 31ಕ್ಕೆ ಒಕ್ಕೂಟ ಮುಗಿಯಿತು. ಒಂದೇ ಹೆಸರಿನಡಿ ಉಳಿದ ಕೆಲವೇ ಸಂಸ್ಥೆಗಳಲ್ಲಿ ಮೋನಾದ ಆ ವಿಶ್ವವಿದ್ಯಾಲಯ ಒಂದು, ಕ್ರಿಕೆಟ್ ತಂಡ ಇನ್ನೊಂದು.

ಅದೇ ವರ್ಷ ನಮ್ಮ ತಂಡ ಅಲ್ಲಿ ಆಡಿತ್ತಲ್ವಾ?

ಹೌದು. 1962ರ ಮಾರ್ಚ್‌ನಲ್ಲಿ ಭಾರತ ಕಿಂಗ್‌ಸ್ಟನ್ನಿನ ಸಬೀನಾ ಪಾರ್ಕಿನಲ್ಲಿ ಎರಡನೇ ಟೆಸ್ಟ್ ಆಡಿತು. ತಂಡದಲ್ಲಿ ಬೆಂಗಳೂರಿನ ಎರಪಳ್ಳಿ ಪ್ರಸನ್ನ ಇದ್ದರು. ಇನ್ನೂ ಎಂಜಿನಿಯರಿಂಗ್ ಮುಗಿಸದ ಹುಡುಗ, ಅದು ಅವರ ಎರಡನೇ ಟೆಸ್ಟ್. ಏಪ್ರಿಲ್ 10ರಂದು ಜಮೈಕಾದಲ್ಲಿ ಸ್ವಾತಂತ್ರ್ಯಕ್ಕೆ ಮುಂಚಿನ ಕೊನೆಯ ಚುನಾವಣೆ ನಡೆಯಿತು. ಮೂರೇ ದಿನಕ್ಕೆ ಸರಣಿಯ ಕೊನೆಯ ಟೆಸ್ಟ್ ಅದೇ ಮೈದಾನದಲ್ಲಿ ಶುರುವಾಯಿತು. ಭಾರತ ಸರಣಿಯ ಐದೂ ಪಂದ್ಯ ಸೋತಿತು.

ಇದಕ್ಕಿಂತ ಹಳೆಯ ನಂಟೂ ಇದೆ. 1845ರ ಮೇ ತಿಂಗಳಲ್ಲಿ ಒಂದು ಹಡಗು ಭಾರತದ ಕರಾರು ಕೂಲಿಗಳನ್ನು ಓಲ್ಡ್ ಹಾರ್ಬರ್ ಬೇಯಲ್ಲಿ ಇಳಿಸಿತು. 1917ರವರೆಗೆ ಮೂವತ್ತು ಸಾವಿರಕ್ಕೂ ಹೆಚ್ಚು ಜನ ಹೀಗೆ ಹೋದರು. ಜಮೈಕಾದ ಮದುವೆಯೂಟದ ಮೇಕೆ ಕರಿ, ‘ಗಾಂಜಾ’ ಎಂಬ ಮಾತು ಎರಡೂ ಅವರ ಗಂಟಿನಲ್ಲೇ ಹೋದವು.

ಸ್ವಾತಂತ್ರ್ಯದ ದಿನ ಪ್ರಧಾನಿ ಯಾರು? ಮ್ಯಾನ್ಲಿ ಅಲ್ವಾ?

ಅಲ್ಲ, ಬುಸ್ಟಮಾಂಟೆ. ಸಂವಿಧಾನ ಬರೆಯಲು ಎರಡೂ ಪಕ್ಷದವರು ಒಂದೇ ಸಮಿತಿಯಲ್ಲಿ ಕೂತಿದ್ದರು, ಅಧ್ಯಕ್ಷರು ಮ್ಯಾನ್ಲಿ. 1962ರ ಫೆಬ್ರವರಿಯಲ್ಲಿ ಇಬ್ಬರೂ ಲಂಡನ್ನಿಗೆ ಹೋಗಿ ತಾರೀಖು ಗೊತ್ತು ಮಾಡಿಸಿದರು. ಕಾನೂನಿನ ಪ್ರಕಾರ ಮ್ಯಾನ್ಲಿ ಇನ್ನೂ ಎರಡು ವರ್ಷ ಕುರ್ಚಿಯಲ್ಲಿ ಇರಬಹುದಿತ್ತು. ಹೊಸ ದೇಶವನ್ನು ಯಾರು ನಡೆಸಬೇಕು ಅಂತ ಜನರೇ ಹೇಳಲಿ ಎಂದು ಚುನಾವಣೆ ಕರೆದರು. ಬುಸ್ಟಮಾಂಟೆಗೆ 26, ಅವರಿಗೆ 19.

ಆಗಸ್ಟ್ 5ರ ರಾತ್ರಿ ಕಿಂಗ್‌ಸ್ಟನ್ನಿನ ಹೊಸ ರಾಷ್ಟ್ರೀಯ ಕ್ರೀಡಾಂಗಣ ತುಂಬಿತ್ತು. ಬ್ರಿಟನ್ ರಾಣಿಯ ತಂಗಿ ಮಾರ್ಗರೆಟ್ ಬಂದಿದ್ದರು. ನಡುರಾತ್ರಿಗೆ ದೀಪ ಆರಿಸಿ ಯೂನಿಯನ್ ಜ್ಯಾಕ್ ಇಳಿಸಿದರು. ದೀಪ ಹತ್ತಿದಾಗ ಕಪ್ಪು, ಹಸಿರು, ಬಂಗಾರ ಬಣ್ಣದ ಬಾವುಟ ಮೇಲೇರಿತು. ಮೊದಲು ಬಾವುಟಕ್ಕೆ ಅಡ್ಡ ಪಟ್ಟಿಗಳಿದ್ದವು. ಆಫ್ರಿಕಾದ ಟ್ಯಾಂಗನೀಕಾದ (ಈಗ ಟಾಂಜಾನಿಯಾದ ಭಾಗ) ಬಾವುಟದ ಹಾಗೇ ಕಾಣುತ್ತದೆ ಅಂತ ಅದನ್ನು ಓರೆ ಶಿಲುಬೆ ಮಾಡಿದ್ದರು. ಮ್ಯಾನ್ಲಿ ಅಂದು ವಿರೋಧ ಪಕ್ಷದ ನಾಯಕ. ವರ್ಷದ ಕೊನೆಗೆ ಬ್ರಿಟಿಷ್ ಗವರ್ನರ್ ಜನರಲ್ ಹೊರಟ ಮೇಲೆ ಆ ಬಂಗಲೆಗೆ ಬಂದವರು ಕ್ಲಿಫರ್ಡ್ ಕ್ಯಾಂಪ್‌ಬೆಲ್, ಅದೇ ವೆಸ್ಟ್‌ಮೋರ್ಲೆಂಡಿನ ಹೆಡ್‌ಮಾಸ್ಟರ್.

ಬೇರೆ ದ್ವೀಪಗಳೂ ಹೀಗೇ ಬಂದವಾ?

ಸುಮಾರಾಗಿ. ಟ್ರಿನಿಡಾಡ್ ಅದೇ ಆಗಸ್ಟ್ 31ಕ್ಕೆ, ಬಾರ್ಬಡೋಸ್ 1966ಕ್ಕೆ ಸ್ವತಂತ್ರವಾದವು. ಗ್ರೆನಡಾದಂಥ ಸಣ್ಣ ದ್ವೀಪಗಳು 1967ರಿಂದ ‘ಸಹರಾಜ್ಯ’ ಎಂಬ ಹೆಸರಿನಲ್ಲಿ ಒಳಾಡಳಿತ ನಡೆಸಿದವು. ಜಮೈಕಾದ ಜೊತೆ ಸೇರಿದ್ದ ಕೇಮನ್ ದ್ವೀಪಗಳು ಬ್ರಿಟನ್ ಜೊತೆಗೇ ಉಳಿದವು.

ಈಗಲೂ ಬ್ರಿಟನ್ನಿನ ರಾಜನೇ ಅಲ್ಲಿ ಮುಖ್ಯಸ್ಥನಾ?

ಹೆಸರಿಗೆ ಹೌದು. ಗಣರಾಜ್ಯ ಮಾಡುವ ಮಸೂದೆ 2024ರ ಡಿಸೆಂಬರ್‌ನಲ್ಲಿ ಸಂಸತ್ತಿಗೆ ಬಂತು. ಇಂಥ ಬದಲಾವಣೆಗೆ ಎರಡೂ ಸದನಗಳಲ್ಲಿ ಮೂರರಲ್ಲಿ ಎರಡು ಭಾಗ ಬಹುಮತ ಬೇಕು, ಆಮೇಲೆ ಜನರ ವೋಟೂ ಬೇಕು. ಸೆನೆಟ್‌ನಲ್ಲಿ 21 ಸದಸ್ಯರು: ಸರ್ಕಾರದ ಕಡೆಯವರು 13, ವಿರೋಧ ಪಕ್ಷದವರು 8. ಮೂರರಲ್ಲಿ ಎರಡು ಭಾಗ ಅಂದರೆ 14. ಅಂದರೆ ಯಾವ ಸರ್ಕಾರ ಬಂದರೂ ಸೆನೆಟ್ ದಾಟಬೇಕಾದರೆ ವಿರೋಧ ಪಕ್ಷದ ಒಬ್ಬರನ್ನಾದರೂ ಒಪ್ಪಿಸಲೇಬೇಕು. ಒಬ್ಬರನ್ನೊಬ್ಬರು ಸೋಲಿಸುತ್ತಾ, ಒಬ್ಬರಿಗೊಬ್ಬರು ಸೋಲುತ್ತಾ ಬಂದಿದ್ದ ಎರಡೂ ಪಕ್ಷದವರು, ಸಂವಿಧಾನ ಬರೆಯುವಾಗ ಒಂದೇ ಮೇಜಿಗೆ ಕೂತು ಆ ಒಂದು ವೋಟಿನ ಕೊರತೆಯನ್ನು ಬೇಕೆಂದೇ ಇಟ್ಟರು.